ಗ್ರೇ ಗಿಣಿಗೆ ಯಾವ ಪೆಲೆಟ್ ಕೊಡಲಿ? ಕಾಳು ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ

ತುಂಗೆಯ ದಡ, ಜೂನ್ 7

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ನಮ್ಮ ಮನೆಯಲ್ಲಿ ಒಂದು ಆಫ್ರಿಕನ್ ಗ್ರೇ ಗಿಣಿ ಇದೆ. ಹೆಸರು ಪುಟ್ಟ, ವಯಸ್ಸು ಎಂಟು. ಮೊದಲು ನಮ್ಮ ಮಾವನವರು ಸಾಕಿದ್ದರು. ಅವರು ತೀರಿಕೊಂಡ ಮೇಲೆ ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಾವ ಏನು ಕೊಡುತ್ತಿದ್ದರೋ ಅದನ್ನೇ ಕೊಡುತ್ತಾ ಬಂದೆ. ಬೆಳಿಗ್ಗೆ ಸೂರ್ಯಕಾಂತಿ ಬೀಜ, ಸಂಜೆ ಕಡಲೆಕಾಯಿ, ನಡುವೆ ಒಂದು ಬಿಸ್ಕತ್ತು. ನಾವು ತಿಂಡಿಗೆ ಕೂತಾಗ ಒಂದು ಚೂರು ದೋಸೆ.

ಹೋದ ತಿಂಗಳಿಂದ ಸೀನುತ್ತಿದ್ದ. ಮೂಗಿನ ಹೊಳ್ಳೆ ಕಟ್ಟಿಕೊಂಡಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಕ್ಕಿ ನೋಡುವ ಡಾಕ್ಟರಿಗೆ ತೋರಿಸಿದೆವು. ಅವರು ಬಾಯಿ ತೆರೆಸಿ ಟಾರ್ಚ್ ಹಾಕಿ ನಮಗೂ ತೋರಿಸಿದರು. ಒಳಗೆ ಬಿಳಿ ಚುಕ್ಕೆಗಳು. ವಿಟಮಿನ್ ಎ ಕೊರತೆ ಎಂದರು. ರಕ್ತದಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆ ಬಂತು. ಔಷಧಿ ಕೊಟ್ಟು, ಪೆಲೆಟ್ (ಎಲ್ಲ ಅರೆದು ಚೂರು ಮಾಡಿದ ಸಿದ್ಧ ಹಕ್ಕಿ ಆಹಾರ) ಶುರು ಮಾಡಿ ಎಂದು ಹೇಳಿದರು. ಯಾವುದು, ಹೇಗೆ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಮುಂದಿನವರು ಒಳಗೆ ಬಂದರು.

ಅಂಗಡಿಯಲ್ಲಿ ಮೂರು ಥರದ ಪೆಲೆಟ್ ಇತ್ತು. ಬಣ್ಣದ್ದೊಂದು, ಕಂದು ಬಣ್ಣದ್ದೊಂದು, ಚೀಲದಿಂದ ಬಿಡಿಯಾಗಿ ತೂಗಿ ಕೊಡುವುದೊಂದು. ಬಿಡಿ ಪೆಲೆಟ್ ತಂದೆ. ಕಾಳು ಪೂರ್ತಿ ನಿಲ್ಲಿಸಿ, ಹೊಟ್ಟೆ ಹಸಿದರೆ ತಾನಾಗಿ ತಿನ್ನುತ್ತೆ ಎಂದು ಅಂಗಡಿಯವರು ಹೇಳಿದರು. ಇವತ್ತಿಗೆ ಎರಡನೇ ದಿನ. ಪುಟ್ಟ ಬಟ್ಟಲನ್ನು ಮೂಸಿಯೂ ನೋಡಿಲ್ಲ. ಮೂಲೆಯಲ್ಲಿ ಕೂತಿದ್ದಾನೆ. ನಾನು ತಂದದ್ದೇ ಸರಿಯಿಲ್ಲವಾ? ಬೇರೆ ಯಾವುದು ಒಳ್ಳೆಯದು ಹೇಳಿ.

ಗೂಡು, ಜೂನ್ 7

ಅಕ್ಕಾ, ಈಗಲೇ ಎದ್ದು ಹೋಗಿ ಕಾಳಿನ ಬಟ್ಟಲು ವಾಪಸ್ ಇಡಿ. ಮಿಕ್ಕ ಮಾತು ಆಮೇಲೆ.

ತುಂಗೆಯ ದಡ, ಜೂನ್ 7

ಇಟ್ಟೆ. ಇಪ್ಪತ್ತು ನಿಮಿಷ ತಲೆ ಎತ್ತದೆ ತಿಂದ. ನೋಡಿ ಕಣ್ಣಲ್ಲಿ ನೀರು ಬಂತು.

ಪಶುವೈದ್ಯೆ, ಜೂನ್ 8

ಇಟ್ಟದ್ದು ಒಳ್ಳೆಯದಾಯಿತು. ನಾನು ಜಾಸ್ತಿ ನೋಡುವುದು ನಾಯಿ, ಬೆಕ್ಕು. ಆದರೂ ವಾರಕ್ಕೆ ಒಂದೆರಡು ಹಕ್ಕಿಗಳು ಬರುತ್ತವೆ. ಅದರಲ್ಲಿ ಹೀಗೆ ಉಪವಾಸ ಬಿದ್ದು ಬರುವ ಗಿಣಿಗಳು ಇದ್ದೇ ಇರುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

"ಹಸಿದರೆ ತಿನ್ನುತ್ತೆ" ಎನ್ನುವ ಮಾತು ನಾಯಿಗೆ ಸ್ವಲ್ಪ ಮಟ್ಟಿಗೆ ಸರಿ ಇರಬಹುದು. ಗಿಣಿಗೆ ಅಲ್ಲ. ಎಂಟು ವರ್ಷ ಬೀಜ ಬಿಡಿಸಿ ತಿಂದ ಹಕ್ಕಿಗೆ ಪೆಲೆಟ್ ಎಂದರೆ ಕಲ್ಲಿನ ಚೂರು ಇದ್ದ ಹಾಗೆ. ಅದು ಹಟ ಮಾಡುತ್ತಿಲ್ಲ. ಮುಂದಿರುವುದು ತಿನ್ನುವ ವಸ್ತು ಎಂದೇ ಅದಕ್ಕೆ ಗೊತ್ತಿಲ್ಲ. ತುಂಬಿದ ಬಟ್ಟಲಿನ ಮುಂದೆ ಕೂತೇ ಗಿಣಿ ಹಸಿವಿನಿಂದ ಸಾಯಬಹುದು. ವರ್ಷಗಟ್ಟಲೆ ಕೊಬ್ಬಿನ ಕಾಳು ತಿಂದು ಲಿವರ್‌ನಲ್ಲಿ ಕೊಬ್ಬು ತುಂಬಿದ್ದರೆ ಇನ್ನೂ ಅಪಾಯ. ಅಂಥ ಹಕ್ಕಿಗೆ ಉಪವಾಸ ತಡೆಯುವ ಶಕ್ತಿ ಇರುವುದಿಲ್ಲ.

ಹಿಕ್ಕೆ ನೋಡಿ. ಅದು ಸುಳ್ಳು ಹೇಳುವುದಿಲ್ಲ. ಹೊಟ್ಟೆಗೆ ಬಿದ್ದಿದ್ದರೆ ಗಟ್ಟಿ ಭಾಗ ಸರಿಯಾದ ಗಾತ್ರದಲ್ಲಿ ಇರುತ್ತದೆ. ಹೊಟ್ಟೆ ಖಾಲಿ ಇದ್ದರೆ ಸಣ್ಣದಾಗಿ, ಕಡು ಹಸಿರಾಗಿ, ಅಂಟಂಟಾಗಿ ಬರುತ್ತದೆ. ನಿನ್ನೆ ಹೇಗಿತ್ತು? ಇನ್ನೊಂದು ವಿಷಯ. ಡಾಕ್ಟರ್ ಚೀಟಿಯಲ್ಲಿ ತೂಕ ಬರೆದಿರಬೇಕು. ಎಷ್ಟಿದೆ ನೋಡಿ ಹೇಳಿ.

ತುಂಗೆಯ ದಡ, ಜೂನ್ 8

ನೀವು ಹೇಳಿದ ಹಾಗೇ ಇತ್ತು ಮೇಡಂ, ಕಡು ಹಸಿರು. ಚೀಟಿಯಲ್ಲಿ 446 ಗ್ರಾಂ ಎಂದಿದೆ. ಮನೆಯಲ್ಲಿ ತೂಕದ ಮೆಷಿನ್ ಇಲ್ಲ.

ಗೂಡು, ಜೂನ್ 8

ಪೆಲೆಟ್ ಬಿಡಿ, ಮೊದಲು ಮೆಷಿನ್ ತನ್ನಿ. ಅಡುಗೆಮನೆಯಲ್ಲಿ ಮೈದಾ ತೂಗುವಂಥದ್ದು, ಒಂದೊಂದು ಗ್ರಾಂ ತೋರಿಸಬೇಕು. ಅದರ ಮೇಲೆ ಒಂದು ಸಣ್ಣ ಮರದ ಸ್ಟ್ಯಾಂಡ್ ಇಟ್ಟು ಸೊನ್ನೆಗೆ ತಂದು, ಹಕ್ಕಿಯನ್ನು ಹತ್ತಿಸಿ. ದಿನಾ ಬೆಳಿಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ. ಕ್ಯಾಲೆಂಡರ್ ಮೇಲೇ ಬರೆಯಿರಿ. 446ಕ್ಕೆ ಶೇಕಡಾ 10 ಎಂದರೆ ಸುಮಾರು 45. ಅಂದರೆ 401ರ ಹತ್ತಿರ ಹೋದರೆ ಎಲ್ಲ ಪ್ರಯೋಗ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಅಲ್ಲಿಯವರೆಗೂ ಕಾಯಬೇಡಿ. ಮೂರು ದಿನ ಸತತ ಇಳಿಯುತ್ತಿದ್ದರೆ ಸಾಕು, ಹಿಂದಕ್ಕೆ ಬನ್ನಿ.

ನನ್ನ ಹತ್ತಿರ 15 ವರ್ಷದಿಂದ ಒಂದು ಗ್ರೇ ಇದೆ. ಅವಳು ಪೆಲೆಟ್‌ಗೆ ಬರಲು ಐದು ತಿಂಗಳು ಹಿಡಿಯಿತು. ಸಂಜೆ ಪೆಲೆಟ್ ಬಗ್ಗೆ ಉದ್ದವಾಗಿ ಬರೆಯುತ್ತೇನೆ.

ಹುಬ್ಬಳ್ಳಿ ಹಕ್ಕಿಮನೆ, ಜೂನ್ 8

ಅಕ್ಕಾರ, ಆ ಬಿಡಿ ಪೆಲೆಟ್ ದಯವಿಟ್ಟು ಕೊಡಬೇಡ್ರಿ. ದೊಡ್ಡ ಚೀಲ ಯಾವಾಗ ಒಡೆದರೋ ಯಾರಿಗೆ ಗೊತ್ತು? ಗಾಳಿ, ಬೆಳಕು ತಾಗಿದರೆ ವಿಟಮಿನ್ ಎ ಮತ್ತು ಇ ಹಾಳಾಗುತ್ತವೆ, ಎಣ್ಣೆಯಂಶ ಕಮಟು ವಾಸನೆ ಬರುತ್ತದೆ. ತಾರೀಖು ಇಲ್ಲ, ಪದಾರ್ಥದ ಪಟ್ಟಿ ಇಲ್ಲ. ಯಾವ ವಿಟಮಿನ್ ಸಲುವಾಗಿ ತಂದೀರೋ ಅದೇ ಅದರಲ್ಲಿ ಉಳಿದಿರುವುದಿಲ್ಲ. ಸಣ್ಣ ಪ್ಯಾಕೆಟ್ ಆದರೂ ಪರವಾಗಿಲ್ಲ, ಸೀಲ್ ಇದ್ದದ್ದೇ ತೊಗೊಳ್ರಿ.

ಗೂಡು, ಜೂನ್ 8, ರಾತ್ರಿ

ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಬೀಜ ಯಾಕೆ ಸಾಲದು ಎಂಬುದು ಮೊದಲು. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬು. 100 ಗ್ರಾಂ ತಿರುಳಿಗೆ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ, ರಂಜಕ ಅದರ ಎಂಟು ಪಟ್ಟು. ಗಿಣಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು, ಅಂದರೆ ಕ್ಯಾಲ್ಸಿಯಂ ರಂಜಕಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಗ್ರೇ ಜಾತಿಗೆ ಕ್ಯಾಲ್ಸಿಯಂ ವಿಷಯದಲ್ಲಿ ಮೊದಲೇ ಕಷ್ಟ. ಕಡಿಮೆಯಾದರೆ ಕೋಲಿನಿಂದ ಜಾರಿ ಬೀಳುತ್ತವೆ, ಫಿಟ್ಸ್ ಬರುತ್ತದೆ. ವಿಟಮಿನ್ ಎ ಅಂತೂ ಬೀಜದಲ್ಲಿ ಇಲ್ಲವೆಂದೇ ಲೆಕ್ಕ. ಅದು ಕಡಿಮೆಯಾದಾಗ ಮೂಗು, ಗಂಟಲಿನ ಒಳಪದರ ಒಣಗಿ ದಪ್ಪವಾಗುತ್ತದೆ. ಆಮೇಲೆ ಸೋಂಕು ಸುಲಭವಾಗಿ ಹಿಡಿಯುತ್ತದೆ. ನಿಮ್ಮ ಪುಟ್ಟನಿಗೆ ಆಗಿರುವುದೂ ಅದೇ.

ಅಂಗಡಿಯ ಮಿಕ್ಸ್ ಪ್ಯಾಕೆಟ್ ಮೇಲೆ ಹತ್ತು ಥರದ ಕಾಳಿನ ಚಿತ್ರ ಇರುತ್ತದೆ ನಿಜ. ಗಿಣಿ ಅದರಲ್ಲಿ ತನಗೆ ಇಷ್ಟವಾದ ಎರಡನ್ನು ಆರಿಸಿ ಉಳಿದದ್ದನ್ನು ನೆಲಕ್ಕೆ ಹಾಕುತ್ತದೆ. ಪೆಲೆಟ್ ಹುಟ್ಟಿದ್ದೇ ಈ ಆರಿಸುವ ಚಾಳಿಗೆ. ಧಾನ್ಯ, ಕಾಳು, ಸೊಪ್ಪು, ವಿಟಮಿನ್, ಖನಿಜ ಎಲ್ಲ ಅರೆದು ಒಂದೇ ಮುದ್ದೆ ಮಾಡಿ, ಆವಿಯ ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿ, ಚೂರು ಮಾಡುತ್ತಾರೆ. ಪ್ರತಿ ಚೂರಿನಲ್ಲೂ ಎಲ್ಲವೂ ಇರುತ್ತದೆ.

ಈಗ ಹೆಸರುಗಳು. ನಮ್ಮಲ್ಲಿ ಕೇಳಿಬರುವುದು ಇವು.

ಬೆಲ್ಜಿಯಂನ ವರ್ಸೆಲೆ ಲಾಗಾದ ನ್ಯೂಟ್ರಿಬರ್ಡ್. ಪಿ15 ಎಂದರೆ ಗಿಣಿಗೆ, ಪ್ರೋಟೀನ್ ಶೇಕಡಾ 15. ಪಿ19 ಮರಿ ಮಾಡುವ ಜೋಡಿಗೆ. ಪುಟ್ಟನಿಗೆ ಪಿ15 ಸಾಕು. ಅದರಲ್ಲೂ ಎರಡಿದೆ. ಒರಿಜಿನಲ್ ಒಂದೇ ಬಣ್ಣ, ಟ್ರಾಪಿಕಲ್ ಬಣ್ಣಬಣ್ಣ.

ಅಮೆರಿಕದ ಜೂಪ್ರೀಮ್. ಫ್ರೂಟ್‌ಬ್ಲೆಂಡ್ ಎಂಬುದು ಹಣ್ಣಿನ ಆಕಾರ, ಹಣ್ಣಿನ ವಾಸನೆ. ಬಣ್ಣ ಹಾಕಿರುತ್ತಾರೆ, ಸಕ್ಕರೆಯೂ ಇರುತ್ತದೆ. ಗಿಣಿಗಳು ಅದನ್ನು ಬೇಗ ಒಪ್ಪುತ್ತವೆ. ನ್ಯಾಚುರಲ್ ಎಂಬುದರಲ್ಲಿ ಬಣ್ಣ ಇಲ್ಲ.

ಹ್ಯಾರಿಸನ್ಸ್. ಫ್ಲೋರಿಡಾದ ಒಬ್ಬ ಹಕ್ಕಿ ಡಾಕ್ಟರ್ ಶುರು ಮಾಡಿದ್ದು, ಸಾವಯವ. ಹೈ ಪೊಟೆನ್ಸಿ ಎಂಬುದರಲ್ಲಿ ಕೊಬ್ಬು, ಪ್ರೋಟೀನ್ ಜಾಸ್ತಿ. ಕಾಳಿನಿಂದ ಬದಲಾಗುವ ಹಕ್ಕಿಗೆ ಮೊದಲು ಅದನ್ನು ಕೊಟ್ಟು, ಆಮೇಲೆ ಅಡಲ್ಟ್ ಲೈಫ್‌ಟೈಮ್‌ಗೆ ಹೋಗುತ್ತಾರೆ. ದುಬಾರಿ. ಎಲ್ಲ ಕಡೆ ಸಿಗುವುದಿಲ್ಲ.

ರೌಡಿಬುಷ್. ಇದನ್ನು ಮಾಡಿದ ಟಾಮ್ ರೌಡಿಬುಷ್ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ, ಜುಟ್ಟಿರುವ ಸಣ್ಣ ಗಿಣಿಗಳಾದ ಕಾಕಟೀಲ್‌ಗಳ ಆಹಾರದ ಮೇಲೆ ಕೆಲಸ ಮಾಡಿದವರು. ಒಣ ಕಂದು ಪುಡಿಚೂರು. ನೋಡಲು ಚೆಂದ ಇಲ್ಲ, ಆಹಾರ ಗಟ್ಟಿ.

ನನ್ನ ಅಭಿಪ್ರಾಯ ಕೇಳಿದರೆ ಪಿ15 ಒರಿಜಿನಲ್ ಅಥವಾ ಜೂಪ್ರೀಮ್ ನ್ಯಾಚುರಲ್, ನಿಮ್ಮ ಊರಲ್ಲಿ ತಪ್ಪದೆ ಸಿಗುವುದು ಯಾವುದೋ ಅದು. ತಪ್ಪದೆ ಸಿಗುವುದು ಬಹಳ ಮುಖ್ಯ. ಅಷ್ಟು ಕಷ್ಟಪಟ್ಟು ಕಲಿಸಿದ ಮೇಲೆ ಎರಡು ತಿಂಗಳು ಸ್ಟಾಕ್ ಇಲ್ಲ ಎಂದರೆ ಮತ್ತೆ ಮೊದಲಿಂದ ಶುರು.

ಖರ್ಚಿನ ಬಗ್ಗೆ ಹೆದರಬೇಡಿ. ನಮ್ಮವಳು ದಿನಕ್ಕೆ 25ರಿಂದ 30 ಗ್ರಾಂ ತಿನ್ನುತ್ತಾಳೆ. ಒಂದು ಕೆಜಿ ತಿಂಗಳ ಮೇಲೆ ಬರುತ್ತದೆ.

ಕಾಡುಮಾವು, ಜೂನ್ 9

ಎಲ್ಲರೂ ಕಂಪನಿ ಹೆಸರೇ ಹೇಳುತ್ತಿದ್ದೀರಿ. ಕಾಡಿನಲ್ಲಿ ಗಿಣಿಗೆ ಪೆಲೆಟ್ ಯಾರು ಹಾಕುತ್ತಾರೆ? ರಾಗಿ, ನುಗ್ಗೆ ಸೊಪ್ಪು, ಮೊಳಕೆ ಕಾಳು ಕೊಡಿ. ವಿದೇಶದ ಚೀಲಕ್ಕೆ ದುಡ್ಡು ಸುರಿಯುವುದು ಯಾಕೆ? ನಮ್ಮ ಅಜ್ಜಿಯ ಗಿಣಿ ಅನ್ನ, ಮೆಣಸಿನಕಾಯಿ ತಿಂದುಕೊಂಡೇ ಬದುಕಿತ್ತು.

ಗೂಡು, ಜೂನ್ 9

ನಿಮ್ಮ ಮಾತಿನಲ್ಲಿ ಅರ್ಧ ನನಗೂ ಒಪ್ಪಿಗೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದಕ್ಕೆ ಸಾಟಿ ಇಲ್ಲ. ಮೊಳಕೆ ಕಟ್ಟಿದ ರಾಗಿ ನಮ್ಮವಳಿಗೆ ವಾರಕ್ಕೆ ನಾಲ್ಕು ದಿನ ಕೊಡುತ್ತೇನೆ. ನುಗ್ಗೆ ಸೊಪ್ಪಿಗೂ ಕೈ ಮುಗಿಯಬೇಕು.

ಆದರೆ ಗ್ರೇ ಗಿಣಿಯ ಕಾಡು ಕಾಂಗೋ, ಕ್ಯಾಮರೂನ್ ಕಡೆಯದು. ಅಲ್ಲಿ ಅವು ಎಣ್ಣೆ ತಾಳೆಯ ಕೆಂಪು ಹಣ್ಣು ತಿನ್ನುತ್ತವೆ. ಅದರ ತಿರುಳಿನಲ್ಲಿ ಕ್ಯಾರೋಟಿನ್ ಹೇರಳ. ಅದರಿಂದಲೇ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತದೆ. ದಿನಕ್ಕೆ ಎಷ್ಟೋ ಕಿಲೋಮೀಟರ್ ಹಾರುತ್ತವೆ, ಬಿಸಿಲಲ್ಲಿ ಕೂರುತ್ತವೆ, ಋತುವಿಗೆ ತಕ್ಕ ಹಾಗೆ ಹಣ್ಣು, ಮೊಗ್ಗು, ಎಲೆ ಬದಲಾಗುತ್ತದೆ. ನಮ್ಮ ಹಾಲ್‌ನ ಮೂಲೆಯ ಪಂಜರದಲ್ಲಿ ಅದು ಯಾವುದೂ ಇಲ್ಲ. ಮನೆ ಅಡುಗೆಯಲ್ಲೇ ಎಲ್ಲ ಲೆಕ್ಕ ಸರಿಮಾಡಲು ದಿನಾ ತೂಗಿ, ಅಳೆದು ಮಾಡುವ ತಾಳ್ಮೆ ಬೇಕು. ಹಾಗೆ ಮಾಡುವವರು ಇದ್ದಾರೆ, ನಮಸ್ಕಾರ ಅವರಿಗೆ. ಮೊದಲ ಸಲ ಆಹಾರ ಬದಲಿಸುವವರಿಗೆ ಅದನ್ನು ಹೇಳಲು ನನಗೆ ಧೈರ್ಯ ಇಲ್ಲ.

ಪಶುವೈದ್ಯೆ, ಜೂನ್ 9

ಪೆಲೆಟ್ ಒಂದನ್ನೇ ಕೊಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ ಅಲ್ವಾ? ಗ್ರೇಗೆ ದಿನದ ಆಹಾರದಲ್ಲಿ ಪೆಲೆಟ್ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿನವರೆಗೂ ಇರಲಿ. ಉಳಿದದ್ದರಲ್ಲಿ ದೊಡ್ಡ ಪಾಲು ತರಕಾರಿ, ಸೊಪ್ಪು. ಕ್ಯಾರೆಟ್, ಸಿಹಿಕುಂಬಳ, ಬೇಯಿಸಿದ ಸಿಹಿಗೆಣಸು, ಕೆಂಪು ದೊಣ್ಣೆಮೆಣಸಿನಕಾಯಿ. ಬಣ್ಣ ಗಾಢವಾದಷ್ಟೂ ಒಳ್ಳೆಯದು. ಹಸಿ ಮೆಣಸಿನಕಾಯಿಯೂ ಕೊಡಬಹುದು, ಹಕ್ಕಿಗಳಿಗೆ ಖಾರ ಗೊತ್ತಾಗುವುದಿಲ್ಲ. ಪಾಲಕ್ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಹಣ್ಣು ಸ್ವಲ್ಪ. ಕಾಳು ಮತ್ತು ಕಡಲೆಕಾಯಿ ಕೈಯಿಂದ ಕೊಡುವ ಬಹುಮಾನ ಮಾತ್ರ.

ಬೆಣ್ಣೆಹಣ್ಣು ಒಂದು ತುಂಡೂ ಬೇಡ. ಅದು ಗಿಣಿಗೆ ವಿಷ, ಹೃದಯಕ್ಕೆ ಹೊಡೆಯುತ್ತದೆ. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ಕುರುಕಲು ಬೇಡ. ಬಿಸ್ಕತ್ತು ಇವತ್ತೇ ನಿಲ್ಲಿಸಿ.

ತುಂಬಾ ಮುಖ್ಯವಾದದ್ದು ಇನ್ನೊಂದಿದೆ. ಪೆಲೆಟ್ ತಿನ್ನಲು ಶುರು ಮಾಡಿದ ಹಕ್ಕಿಗೆ ನೀರಿನಲ್ಲಿ ವಿಟಮಿನ್ ಹನಿ ಹಾಕಬೇಡಿ. ಪೆಲೆಟ್‌ನಲ್ಲಿ ಈಗಾಗಲೇ ಇದೆ. ವಿಟಮಿನ್ ಎ, ಡಿ3 ಎರಡೂ ಜಾಸ್ತಿಯಾದರೆ ತೊಂದರೆ. ಡಿ3 ಮಿತಿ ಮೀರಿದರೆ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಡಾಕ್ಟರ್ ಬರೆದುಕೊಟ್ಟ ಔಷಧಿ ಇದ್ದರೆ ಎಷ್ಟು ದಿನ ಎಂದು ಅವರನ್ನೇ ಕೇಳಿ.

ಬೀಜದ ಮನೆ, ಜೂನ್ 9

ಕ್ಯಾಲ್ಸಿಯಂ ಬೇಕಾದರೆ ಮೊಟ್ಟೆ ಕೋಳಿಗೆ ಹಾಕುವ ಲೇಯರ್ ಫೀಡ್ ಅಗ್ಗ. ಅದೂ ಪೆಲೆಟ್ ತಾನೇ? ನಮ್ಮ ಕಡೆ ಕೆಲವರು ಕೊಡುತ್ತಾರೆ.

ಪಶುವೈದ್ಯೆ, ಜೂನ್ 9

ದಯವಿಟ್ಟು ಬೇಡ. ದಿನಾ ಮೊಟ್ಟೆ ಇಡುವ ಕೋಳಿಗೆ ಚಿಪ್ಪು ಕಟ್ಟಲು ಬೇಕೆಂದು ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 4ರ ಹತ್ತಿರ ಇರುತ್ತದೆ. ಗಿಣಿಗೆ ಶೇಕಡಾ 1ರ ಆಸುಪಾಸು ಸಾಕು. ಕೋಳಿ ಫೀಡ್‌ಗಳಲ್ಲಿ ಕೆಲವು ಸಲ ಔಷಧಿಯೂ ಬೆರೆಸಿರುತ್ತಾರೆ. ಮೂತ್ರಪಿಂಡ ಹಾಳಾಗುತ್ತದೆ.

ಬೀಜದ ಮನೆ, ಜೂನ್ 9

ಗೊತ್ತಿರಲಿಲ್ಲ ಮೇಡಂ. ಕೊಡುವವರಿಗೆ ಹೇಳುತ್ತೇನೆ.

ತುಂಗೆಯ ದಡ, ಜೂನ್ 10

ಮೆಷಿನ್ ಬಂತು. ಮೊದಲ ದಿನ ಹತ್ತಲಿಲ್ಲ. ಇವತ್ತು ಒಂದು ಸೂರ್ಯಕಾಂತಿ ಬೀಜ ತೋರಿಸಿದ ಮೇಲೆ ಹತ್ತಿದ. 431. ಆ ಎರಡು ದಿನದಲ್ಲಿ 15 ಗ್ರಾಂ ಹೋಗಿದೆ. ಪಿ15 ಒರಿಜಿನಲ್ ಒಂದು ಕೆಜಿ ತರಿಸಿದ್ದೇನೆ. ಈಗ ಹೇಗೆ ಶುರು ಮಾಡಲಿ?

ಹುಬ್ಬಳ್ಳಿ ಹಕ್ಕಿಮನೆ, ಜೂನ್ 10

ನಮ್ಮ ಕಡೆ ಇರುವುದು ಬಜ್ಜಿ ಮತ್ತು ಕಾಕಟೀಲ್. ಎಲ್ಲರೂ ಲವ್ ಬರ್ಡ್ಸ್ ಅಂತಾರಲ್ಲ, ಆ ಸಣ್ಣ ಬಜ್ಜಿಗಳು. ಗ್ರೇ ಬಗ್ಗೆ ಗೂಡು ಅಣ್ಣ ಹೇಳಲಿ. ನನಗೆ ಕೆಲಸಕ್ಕೆ ಬಂದದ್ದು ಹೇಳುತ್ತೇನೆ.

ಸಣ್ಣ ಕನ್ನಡಿಯನ್ನು ನೆಲದ ಮೇಲೆ ಮಲಗಿಸಿ, ಅದರ ಮೇಲೆ ಪುಡಿ ಮಾಡಿದ ಪೆಲೆಟ್ ಮತ್ತು ನಾಲ್ಕು ಕಾಳು ನವಣೆ ಉದುರಿಸಿದೆ. ಬಜ್ಜಿಗೆ ಕೆಳಗೆ ಇನ್ನೊಂದು ಹಕ್ಕಿ ಮೇಯುತ್ತಾ ಇದೆ ಅನ್ನಿಸುತ್ತದೆ. ತಾನೂ ಕುಕ್ಕಲು ಶುರು ಮಾಡುತ್ತದೆ. ನಮ್ಮ ಆರರಲ್ಲಿ ನಾಲ್ಕು ಎರಡೇ ವಾರದಲ್ಲಿ ಹೀಗೆ ಬಂದವು. ಉಳಿದ ಎರಡು ಅವುಗಳನ್ನು ನೋಡಿ ಕಲಿತವು. ಇವಕ್ಕೆ ಮಾತ್ರ ಪೆಲೆಟ್ ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಡಾಕ್ಟರ್ ಹೇಳಿದ ಪ್ರಕಾರ ಸ್ವಲ್ಪ ನವಣೆ, ಸಾಮೆ ಮತ್ತು ಸೊಪ್ಪು ಉಳಿಸಿಕೊಂಡಿದ್ದೇನೆ. ಬಜ್ಜಿಯ ತೂಕವೇ 35 ಗ್ರಾಂ. ಅದರಲ್ಲಿ 3 ಗ್ರಾಂ ಇಳಿದರೆ ಎದೆ ಝಲ್ ಅನ್ನುತ್ತದೆ. ದಿನಾ ತೂಗಲೇಬೇಕು.

ಗೂಡು, ಜೂನ್ 10

ಅಕ್ಕಾ, ಮೊದಲ ವಾರ ಒಂದೇ ಕೆಲಸ. ಇಡೀ ದಿನ ಕಾಳು ತುಂಬಿದ ಬಟ್ಟಲು ಇಡುವುದನ್ನು ಬಿಡಿ. ಬೆಳಿಗ್ಗೆ ಒಂದು ಊಟ, ಸಂಜೆ ಒಂದು ಊಟ. ಪ್ರತಿ ಸಲ ಅರ್ಧ ಗಂಟೆ ಕಾಳು, ಹೊಟ್ಟೆ ತುಂಬ ತಿನ್ನಲಿ. ಉಳಿದ ಹೊತ್ತು ಬಟ್ಟಲಿನಲ್ಲಿ ಪೆಲೆಟ್ ಸುಮ್ನೆ ಇರಲಿ. ತಿನ್ನಲಿ, ಬಿಡಲಿ, ಕಣ್ಣಿಗೆ ಬೀಳುತ್ತಿರಲಿ. ತೂಕ ಇಳಿಯದಿದ್ದರೆ ಎರಡನೇ ವಾರದಿಂದ ಬೆಳಗಿನ ಕಾಳಿಗೆ ಮುಂಚೆ ಬೇಯಿಸಿದ ಸಿಹಿಕುಂಬಳ ಅಥವಾ ಗೆಣಸು ನುರಿದು, ಒಂದು ಚಮಚ ಪೆಲೆಟ್ ಪುಡಿ ಕಲಸಿ, ಉಗುರುಬೆಚ್ಚಗೆ ಕೊಡಿ. ಮರಿ ಇದ್ದಾಗ ತಾಯಿ ಹಕ್ಕಿ ಬಾಯಿಗೆ ಹಾಕಿದ್ದು ಬೆಚ್ಚಗೆ, ಮೆತ್ತಗೇ ಇರುತ್ತದಲ್ಲ. ಆ ನೆನಪು ಎಲ್ಲೋ ಉಳಿದಿರಬೇಕು. ಗಟ್ಟಿ ಪೆಲೆಟ್ ಮುಟ್ಟದವೂ ಇದನ್ನು ಮುಟ್ಟುತ್ತವೆ. ನೆನೆದ ಪೆಲೆಟ್ ಎರಡು ಗಂಟೆ ಮೇಲೆ ಇಡಬೇಡಿ, ಹಳಸುತ್ತದೆ.

ಇನ್ನೊಂದು ದಾರಿ ನೀವೇ ತಿಂದು ತೋರಿಸುವುದು. ತಟ್ಟೆಯಲ್ಲಿ ನಾಲ್ಕು ಪೆಲೆಟ್ ಇಟ್ಟುಕೊಂಡು ಕಟಕಟ ಸದ್ದು ಮಾಡಿ, ಚೆನ್ನಾಗಿದೆ ಎನ್ನಿ. ನಿಮ್ಮ ದೋಸೆಗೆ ಆಸೆಪಡುವ ಹಕ್ಕಿ ಅಲ್ವಾ? ನೀವು ತಿನ್ನುವುದು ಅದಕ್ಕೂ ಬೇಕು.

ಡಲ್ಲಾಸ್ ಕನ್ನಡಿಗ, ಜೂನ್ 11

ಇಲ್ಲಿ ನನ್ನ ಹತ್ತಿರ ಒಂದು ಗ್ರೀನ್ ಚೀಕ್ ಕನ್ಯೂರ್ ಎಂಬ ಸಣ್ಣ ಗಿಣಿ ಇದೆ. ಬಣ್ಣದ ಪೆಲೆಟ್ ಬಗ್ಗೆ ಒಂದು ಮಾತು. ಮೊದಲು ನಾನೂ ಬಣ್ಣದ್ದೇ ಕೊಡುತ್ತಿದ್ದೆ. ತಿನ್ನುತ್ತಿತ್ತು, ಖುಷಿಯಾಗಿತ್ತು. ಒಂದು ದಿನ ಹಿಕ್ಕೆ ಕೆಂಪಗೆ ಕಂಡಿತು. ರಕ್ತ ಎಂದು ಹೆದರಿ ರಾತ್ರಿ ಹನ್ನೊಂದಕ್ಕೆ ತುರ್ತು ಆಸ್ಪತ್ರೆಗೆ ಓಡಿದೆ. ಕೆಂಪು ಪೆಲೆಟ್‌ನ ಬಣ್ಣ ಅದು. ಡಾಕ್ಟರ್ ಹೇಳಿದ್ದು ಇಷ್ಟೇ: ಇವತ್ತು ಬಣ್ಣವನ್ನು ರಕ್ತ ಅಂದುಕೊಂಡಿರಿ, ನಾಳೆ ರಕ್ತವನ್ನೇ ಬಣ್ಣ ಅಂದುಕೊಂಡರೆ? ಅವತ್ತಿನಿಂದ ಕಂದು ಬಣ್ಣದ್ದೇ. ಬಣ್ಣದ್ದರಿಂದ ಶುರು ಮಾಡಿ ನಿಧಾನವಾಗಿ ಬಣ್ಣವಿಲ್ಲದ್ದಕ್ಕೆ ಬಂದರೆ ತಪ್ಪೇನಿಲ್ಲ. ಕಾಳಿಗಿಂತ ಅದು ಎಷ್ಟೋ ಮೇಲು.

ಲಾಫೆಬರ್ ಅವರ ನ್ಯೂಟ್ರಿ ಬೆರ್ರೀಸ್ ಕೂಡ ನಡುವಿನ ಮೆಟ್ಟಿಲು ಆಗಬಹುದು. ಇಡೀ ಕಾಳುಗಳನ್ನೇ ಪೋಷಕಾಂಶದ ಜೊತೆ ಉಂಡೆ ಕಟ್ಟಿರುತ್ತಾರೆ. ಹಕ್ಕಿಗೆ ಕಾಳು ಎಂದೇ ಅನ್ನಿಸುತ್ತದೆ. ಅಲ್ಲಿ ಸಿಗುತ್ತದಾ ನೋಡಿ.

ಕಡಲೂರ ಗಾಳಿ, ಜೂನ್ 12

ಮಂಗಳೂರಿನಿಂದ. ಮಳೆ ಹಿಡಿದಿದೆ, ಹಾಗಾಗಿ ಒಂದು ಎಚ್ಚರಿಕೆ ಮಾರಾಯ್ರೇ. ಶಿವಮೊಗ್ಗದಲ್ಲೂ ಈಗ ತೇವ ಅಲ್ವಾ? ಎರಡು ವರ್ಷದ ಹಿಂದೆ ಪೆಲೆಟ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಅಡುಗೆಮನೆ ಕಪಾಟಿನಲ್ಲಿ ಇಟ್ಟಿದ್ದೆ. ಮೂರು ವಾರಕ್ಕೆ ಬೂಷ್ಟು ವಾಸನೆ. ಪೂರ್ತಿ ಎಸೆದೆ. ಈಗ ತಂದ ದಿನವೇ ನಾಲ್ಕು ಗಾಳಿಯಾಡದ ಡಬ್ಬಿಗೆ ಹಾಕುತ್ತೇನೆ. ಮೂರು ಫ್ರಿಜ್‌ನಲ್ಲಿ, ಒಂದು ಹೊರಗೆ. ಫ್ರಿಜ್‌ನಿಂದ ತೆಗೆದದ್ದು ಹೊರಗಿನ ಶಾಖಕ್ಕೆ ಬರುವವರೆಗೆ ಮುಚ್ಚಳ ತೆಗೆಯುವುದಿಲ್ಲ. ಇಲ್ಲವಾದರೆ ಒಳಗೆ ನೀರಿನ ಹನಿ ಕೂರುತ್ತದೆ. ಚೀಲ ಒಡೆದ ಎರಡು ತಿಂಗಳ ಒಳಗೆ ಮುಗಿಸುತ್ತೇನೆ.

ಕಡಲೆಕಾಯಿಗೂ ಇದೇ ಮಾತು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಲಿವರ್ ಕೆಡಿಸುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಬಹುಮಾನಕ್ಕೆ ಬಾದಾಮಿಯ ಒಂದು ಚೂರು ಕೊಡಿ, ಸಾಕು.

ಮಲ್ಲಿಗೆ ಬಳ್ಳಿ, ಜೂನ್ 14

ನಮ್ಮ ಮನೆಯಲ್ಲಿ ಹಸಿರು ಗಿಣಿ ಇದೆ, ಕೊರಳಲ್ಲಿ ಗುಲಾಬಿ ಪಟ್ಟಿ ಇರುವುದು. ಊರ ಮರದಿಂದ ಬಿದ್ದ ಮರಿಯನ್ನು ಮಗ ತಂದಿದ್ದ. ಅದಕ್ಕೂ ಇದೇ ಪೆಲೆಟ್ ಆಗುತ್ತಾ?

ಗೂಡು, ಜೂನ್ 14

ಅಮ್ಮಾ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ದೇಶದ ಗಿಣಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪ್ರೀತಿಯಿಂದ ಸಾಕಿದರೂ ಅಷ್ಟೇ. ಅರಣ್ಯ ಇಲಾಖೆಗೆ ಅಥವಾ ಕಾಡುಪ್ರಾಣಿ ರಕ್ಷಣಾ ಕೇಂದ್ರಕ್ಕೆ ಒಪ್ಪಿಸಿ. ಹಾರಲು ಕಲಿಸಿ ಮತ್ತೆ ಗುಂಪಿಗೆ ಸೇರಿಸಲು ಆಗುತ್ತದೋ ಎಂದು ಅವರು ನೋಡುತ್ತಾರೆ. ನೀವೇ ಕಿಟಕಿ ತೆರೆದು ಬಿಡಬೇಡಿ. ಮನೆಯಲ್ಲಿ ಬೆಳೆದದ್ದಕ್ಕೆ ಹೊರಗೆ ಆಹಾರ ಹುಡುಕಲು ಬರುವುದಿಲ್ಲ.

ತುಂಗೆಯ ದಡ ಅಕ್ಕಾ, ನಿಮಗೂ ಒಂದು ಮಾತು. ಗ್ರೇ ವಿದೇಶಿ ಹಕ್ಕಿ, ಆದರೆ ಕಾಡುಪ್ರಾಣಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. 2024ರ ನಿಯಮದಂತೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮಾವನವರ ಹೆಸರಲ್ಲಿ ಕಾಗದ ಇದ್ದರೆ ಹುಡುಕಿ.

ತುಂಗೆಯ ದಡ, ಜೂನ್ 21

ಕಾಗದ ಸಿಕ್ಕಿತು, ಯಜಮಾನರು ಅದರ ಹಿಂದೆ ಬಿದ್ದಿದ್ದಾರೆ.

ಪುಟ್ಟನ ಸುದ್ದಿ ಅಷ್ಟು ಚೆನ್ನಾಗಿಲ್ಲ. ಮೊದಲ ವಾರ 431, 433, 432 ಇತ್ತು. ಧೈರ್ಯ ಬಂದು ಕಾಳನ್ನು ಬೇಗ ಕಮ್ಮಿ ಮಾಡಿಬಿಟ್ಟೆ. ಈ ಮೂರು ದಿನ 427, 422, 418. ಕುಂಬಳಕಾಯಿ ನೆಕ್ಕುತ್ತಾನೆ, ಪೆಲೆಟ್ ಪುಡಿಯನ್ನು ಉಗಿಯುತ್ತಾನೆ.

ಪಶುವೈದ್ಯೆ, ಜೂನ್ 21

ಇವತ್ತಿನಿಂದ ಹಳೆಯಷ್ಟೇ ಕಾಳು ಕೊಡಿ. ನೀವು ಸೋತಿಲ್ಲ. ಬಾಯಿ ಗುಣವಾಗುತ್ತಿರುವ ಹಕ್ಕಿ ಅದು. ಗಟ್ಟಿ ವಸ್ತು ಇನ್ನೂ ನೋವು ಕೊಡುತ್ತಿರಬಹುದು. 430 ದಾಟಿ ಒಂದು ವಾರ ನಿಲ್ಲಲಿ, ಆಮೇಲೆ ಮತ್ತೆ. ಅಷ್ಟರಲ್ಲಿ ಬೆಳಗಿನ ಎಳೆ ಬಿಸಿಲಿಗೆ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ನೆರಳಿಗೆ ಹೋಗಲು ಜಾಗ ಇರಲಿ, ಬೆಕ್ಕು ನಾಯಿ ಬಾರದಂತೆ ಹತ್ತಿರವೇ ಇರಿ. ಕಿಟಕಿ ಗಾಜಿನ ಒಳಗಿನ ಬಿಸಿಲು ಲೆಕ್ಕಕ್ಕಿಲ್ಲ. ವಿಟಮಿನ್ ಡಿ ಮಾಡಿಕೊಡುವ ಕಿರಣವನ್ನು ಗಾಜು ತಡೆಯುತ್ತದೆ. ಆ ವಿಟಮಿನ್ ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ನಿಮ್ಮ ಕಡೆ ಮಳೆ ಮೋಡ ಎಂದು ಗೊತ್ತು. ಬಿಸಿಲು ಬಂದ ದಿನ ಬಿಡಬೇಡಿ.

ಕಾಡುಮಾವು, ಜೂನ್ 22

ಅಕ್ಕಾ, ನನ್ನ ಕಡೆಯಿಂದ ಒಂದು ಉಪಾಯ. ಬಾಳೆ ಎಲೆಯ ತುಂಡಿನಲ್ಲಿ ಪೆಲೆಟ್ ಜೊತೆ ಒಂದೇ ಒಂದು ಸೂರ್ಯಕಾಂತಿ ಬೀಜ ಇಟ್ಟು ಮಡಿಸಿ ಪಂಜರಕ್ಕೆ ಸಿಕ್ಕಿಸಿ. ಹರಿದು ಹುಡುಕುವುದು ಗಿಣಿಯ ಹುಟ್ಟುಗುಣ. ಬೀಜ ಹುಡುಕುವಾಗ ಪೆಲೆಟ್ ಬಾಯಿಗೆ ಬಂದೇ ಬರುತ್ತದೆ.

ತುಂಗೆಯ ದಡ, ಜುಲೈ 6

ಕಾಡುಮಾವು ಸರ್, ನಿಮ್ಮ ಬಾಳೆ ಎಲೆಯೇ ದಾರಿ ತೋರಿಸಿತು. ಮೊದಲ ನಾಲ್ಕು ದಿನ ಎಲೆ ಹರಿದು ಬೀಜ ತಿಂದು ಪೆಲೆಟ್ ಬಿಸಾಡಿದ. ಐದನೇ ದಿನ ಒಂದನ್ನು ಕಾಲಲ್ಲಿ ಹಿಡಿದು, ನೀರಿನ ಬಟ್ಟಲಿಗೆ ಅದ್ದಿ, ಮೆತ್ತಗಾದ ಮೇಲೆ ಕಚ್ಚಿದ. ನಾನು ಒಲೆ ಆರಿಸಿ ಉಸಿರು ಬಿಗಿಹಿಡಿದು ನಿಂತಿದ್ದೆ. ಪೂರ್ತಿ ತಿಂದ. ಈಗ ದಿನಕ್ಕೆ ಏಳೆಂಟು ಹೀಗೆ ಅದ್ದಿ ತಿನ್ನುತ್ತಾನೆ. ನೀರು ಗಂಜಿಯಾಗುತ್ತದೆ, ದಿನಕ್ಕೆ ನಾಲ್ಕು ಸಲ ಬದಲಿಸುತ್ತೇನೆ. ತೂಕ 434.

ಗೂಡು, ಜುಲೈ 6

ಓದಿ ತುಂಬಾ ಸಂತೋಷವಾಯಿತು. ನೀರು ಬದಲಿಸುವುದು ತಪ್ಪಿಸಬೇಡಿ. ನಮ್ಮವಳು ಇವತ್ತಿಗೂ ಅದ್ದಿಯೇ ತಿನ್ನುತ್ತಾಳೆ.

ತುಂಗೆಯ ದಡ, ಆಗಸ್ಟ್ 24

ನಿನ್ನೆ ಬೆಂಗಳೂರಿಗೆ ಹೋಗಿ ಬಂದೆವು. ಬಾಯೊಳಗಿನ ಬಿಳಿ ಚುಕ್ಕೆ ಹೋಗಿದೆ. ಕ್ಯಾಲ್ಸಿಯಂ ಸರಿಯಾದ ಮಟ್ಟಕ್ಕೆ ಬಂದಿದೆ. ಈ ಸಲ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಎಲ್ಲ ಕೇಳಿಯೇ ಎದ್ದೆ. ವಿಟಮಿನ್ ಔಷಧಿ ನಿಲ್ಲಿಸಿ ಎಂದರು. ದಿನದ ಆಹಾರದಲ್ಲಿ ಪೆಲೆಟ್ ಇನ್ನೂ ಅರ್ಧಕ್ಕೆ ಬಂದಿಲ್ಲ. ಅವಸರ ಬೇಡ, ನವೆಂಬರ್‌ನಲ್ಲಿ ತೋರಿಸಿ ಎಂದರು. ಕುಂಬಳಕಾಯಿ, ನುಗ್ಗೆ ಸೊಪ್ಪು, ಮೊಳಕೆ ರಾಗಿ ತಿನ್ನುತ್ತಾನೆ. ದೋಸೆ ನಿಂತಿದೆ. ನಾವು ತಿಂಡಿಗೆ ಕೂತಾಗ ಅವನಿಗೂ ಒಂದು ತಟ್ಟೆ ಇಡುತ್ತೇನೆ, ಅದರಲ್ಲಿ ಅವನದೇ ತಿಂಡಿ. ಇವತ್ತು ಬೆಳಿಗ್ಗೆ 441. ಮೆಷಿನ್ ಹೊರಗೆ ತೆಗೆದರೆ ತಾನೇ ಬಂದು ಹತ್ತುತ್ತಾನೆ.

ಹೊಸ ಗೂಡು, ಆಗಸ್ಟ್ 25

ಇಡೀ ಚರ್ಚೆ ಓದಿದೆ. ನನ್ನದು ಮೂರು ವರ್ಷದ ಕಾಕಟೀಲ್, ಬರೀ ನವಣೆ ಮತ್ತು ಸೂರ್ಯಕಾಂತಿ. ಪೆಲೆಟ್ ತಂದಿದ್ದೇನೆ. ನಾಳೆಯಿಂದ ಶುರು ಮಾಡಲಾ? ಚೂರು ದೊಡ್ಡದಾಯಿತೇನೋ ಅನ್ನಿಸುತ್ತಿದೆ.

ಹುಬ್ಬಳ್ಳಿ ಹಕ್ಕಿಮನೆ, ಆಗಸ್ಟ್ 25

ಗಿಣಿಯ ಸೈಜ್ ತಂದಿದ್ದರೆ ಕಾಕಟೀಲ್‌ಗೆ ದೊಡ್ಡದೇ ಆಗುತ್ತದೆ. ಸೀಲ್ ಒಡೆಯದಿದ್ದರೆ ಬದಲಿಸಿಕೊಳ್ಳಿ, ಸಣ್ಣ ಚೂರಿನದು ಸಿಗುತ್ತದೆ. ನಾಳೆಯಿಂದ ಒಂದು ವಾರ ಪೆಲೆಟ್ ಕೊಡಬೇಡಿ. ದಿನಾ ಬೆಳಿಗ್ಗೆ ತೂಕ ಮಾತ್ರ ಬರೆಯಿರಿ. ಏಳು ದಿನದ ಲೆಕ್ಕ ಇಲ್ಲಿ ಹಾಕಿ, ಆಮೇಲೆ ಶುರು ಮಾಡೋಣ.